ಸಂತೆಯ ಗದ್ದಲದಲ್ಲಿ ಕ್ರಿಸ್ತನನ್ನು ಗುರುತಿಸುವುದು ಹೇಗೆ?

ಅಕ್ಕಾರ, "ಎಲ್ಲಾರೊಳಗೂ ಯೇಸುಸ್ವಾಮಿ ಅದಾನಂತ ಪ್ರಸಂಗದಾಗ ಕೇಳತೀನಿ, ಖಡೇಬಜಾರದಾಗ ನಿಂತರ ಸಿಟ್ಟು ಬಿಟ್ಟು ಏನೂ ಬರೂದಿಲ್ಲ" ಅಂತ ಬರೆದಿದ್ದೀರಿ. ಬೈಬಲಿನ ಮತ್ತಾಯ 25ನೇ ಅಧ್ಯಾಯವನ್ನು 31ರಿಂದ 46ರವರೆಗೆ ಮತ್ತೊಮ್ಮೆ ಓದಿ ನೋಡ್ರಿ. ಅದು ಅಂತಿಮ ತೀರ್ಪಿನ ಭಾಗ, ಈ ಅಲ್ಪರಿಗೆ ಮಾಡಿದ್ದು ನನಗೇ ಮಾಡಿದ್ದು ಎಂದು ಕ್ರಿಸ್ತ ಹೇಳುತ್ತಾನೆ. ಅಲ್ಲಿ ನೀತಿವಂತರಿಗೂ ಆತನ ಗುರುತು ಸಿಕ್ಕಿರಲಿಲ್ಲ. ನಿನ್ನನ್ನು ಯಾವಾಗ ನೋಡಿದೆವು ಎಂದೇ ಕೇಳುತ್ತಾರೆ. ಲೆಕ್ಕಕ್ಕೆ ಬಂದದ್ದು ಕೊಟ್ಟ ಅನ್ನ, ನೀರು, ಬಟ್ಟೆ, ಪರದೇಶಿಗೆ ಆಸರೆ, ರೋಗಿಯ ಆರೈಕೆ, ಸೆರೆಮನೆಯ ಭೇಟಿ. ಭಾವನೆ ಬರಲಿಲ್ಲವೆಂದು ಕೊರಗಬೇಡಿ.

ರೂಢಿಗೆ ಯೇಸುಸಭೆಯನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೋಲಾ ಕಲಿಸಿದ ಆತ್ಮಪರಿಶೀಲನೆ ಒಳ್ಳೆಯದು. ಮಲಗುವ ಮುನ್ನ 10–15 ನಿಮಿಷ ಸಾಕು. ಮೊದಲು ಕೃತಜ್ಞತೆ, ಬೆಳಕಿಗಾಗಿ ಪ್ರಾರ್ಥನೆ, ಆಮೇಲೆ ದಿನವನ್ನು ತಾಸು ತಾಸಾಗಿ ನೆನೆಯುವುದು, ತಪ್ಪಿಗೆ ಕ್ಷಮೆ, ನಾಳೆಗೊಂದು ನಿರ್ಧಾರ. ನೆನೆಯುವಾಗ ಎಲ್ಲರನ್ನೂ ಹಿಡಿಯಲು ಹೋದರೆ ನಿದ್ದೆ ಬರುತ್ತದೆ. ಇಬ್ಬರು ಮೂವರು ಸಾಕು, ಅದರಲ್ಲೊಬ್ಬರು ಸಿಟ್ಟು ತರಿಸಿದವರೇ ಇರಲಿ. ಅವರಿಗೆ ಆ ಹೊತ್ತಿಗೆ ಏನು ಬೇಕಿತ್ತು ಎಂದು ಕೇಳಿಕೊಳ್ಳಿ. ನಿರ್ಧಾರವೂ ಸಣ್ಣದಿರಲಿ: ಕಾಯಿಪಲ್ಲೆ ಮಾರುವಾಕೆಯ ಮುಖ ನೋಡಿ ಮಾತಾಡುವುದು, ಹೆಸರು ಕೇಳುವುದು. "ಎಲ್ಲರನ್ನೂ ಪ್ರೀತಿಸುತ್ತೇನೆ" ಎಂಬ ನಿರ್ಧಾರ ಮರುದಿನ ಬೆಳಗಿಗೇ ಆವಿಯಾಗುತ್ತದೆ.

ಎಚ್ಚರ ಬೇಕಾದದ್ದು, ಬಡವರನ್ನು ಪುಣ್ಯದ ಏಣಿ ಮಾಡಿಕೊಂಡರೆ ಎದುರಿನ ಮನುಷ್ಯನೇ ಮರೆಯಾಗುತ್ತಾನೆ. ಇನ್ನು, ಆದಿಕಾಂಡ 1:27ರಂತೆ ಮನುಷ್ಯ ದೇವರ ಸ್ವರೂಪದಲ್ಲಿ ಸೃಷ್ಟಿಯಾದವನು, ದೇವರೇ ಅಲ್ಲ. ಹಾಗಾಗಿ ತೂಕದಲ್ಲಿ ಮೋಸವಾದರೆ ಧಾರಾಳವಾಗಿ ಕೇಳಿ. ಶಾಪ ಹಾಕುವುದನ್ನು ಮಾತ್ರ ಯಾಕೋಬ 3:9–10 ತಡೆಯುತ್ತದೆ. ಮನೆಮಂದಿಯಲ್ಲಿ ಕ್ರಿಸ್ತನನ್ನು ಕಾಣುವುದು ಇನ್ನೂ ಕಷ್ಟ, ಮೊದಲ ವಾರ ಅವರನ್ನು ಬಿಟ್ಟು ಪೇಟೆಯವರಿಂದಲೇ ಶುರು ಮಾಡಿದರೂ ನಡೆಯುತ್ತದೆ.