ಜಿಮ್ ಬೆವರಿಗೆ ತಾಳುವ ಇಯರ್‌ಫೋನ್: ಎರಡು ಸಾವಿರದೊಳಗೆ ಯಾವುದು?

ಪ್ರಶ್ನೆ: ಜಿಮ್ ಸೇರಿ ಆರು ತಿಂಗಳಾಯಿತು. ಅಷ್ಟರಲ್ಲೇ ಎರಡು ಜೊತೆ ಇಯರ್‌ಬಡ್ಸ್ ಕೈಕೊಟ್ಟವು. ಮೊದಲನೆಯದರಲ್ಲಿ ಎಡಗಿವಿಯದು ಸುಮ್ನೆ ಸತ್ತುಹೋಯಿತು. ಎರಡನೆಯದು ಓಡುವಾಗ ಬೀಳುತ್ತಲೇ ಇತ್ತು, ಒಂದು ದಿನ ಟ್ರೆಡ್‌ಮಿಲ್ ಹಿಂದೆ ಹೋಗಿ ಬಿದ್ದಿದ್ದು ಸಿಗಲೇ ಇಲ್ಲ. ಎರಡು ಸಾವಿರ ರೂಪಾಯಿ ಒಳಗೆ ಬೆವರಿಗೆ ತಾಳುವಂಥದ್ದು ಯಾವುದು? ಬಾಕ್ಸ್ ಮೇಲಿನ ಐಪಿಎಕ್ಸ್, ಇಎನ್‌ಸಿ, 13 ಎಂಎಂ ಡ್ರೈವರ್ ಇವುಗಳಲ್ಲಿ ಯಾವುದನ್ನು ನೋಡಬೇಕು?
- ಓದುಗರು, ದಾವಣಗೆರೆ

ಉತ್ತರ: ಆ ಸತ್ತುಹೋದ ಎಡಗಿವಿಯದನ್ನು ಬಿಸಾಡಿಲ್ಲ ತಾನೆ? ಹುಡುಕಿ ತೆಗೆಯಿರಿ. ಬಡ್‌ನ ಬುಡದಲ್ಲಿ ಚಿನ್ನದ ಬಣ್ಣದ ಎರಡು ಮೂರು ಚುಕ್ಕಿಗಳಿರುತ್ತವೆ. ಕೇಸ್ ಒಳಗೆ ಅವಕ್ಕೆ ತಾಗುವ ಹಾಗೆ ಪುಟ್ಟ ಪಿನ್‌ಗಳಿರುತ್ತವೆ. ಮೊಬೈಲ್ ಟಾರ್ಚ್ ಹಾಕಿ ನೋಡಿ. ಹಸಿರಾಗಿ ಅಥವಾ ಕಪ್ಪಾಗಿ ಏನೋ ಮೆತ್ತಿಕೊಂಡಿದ್ದರೆ ಅದು ಕಿಲುಬು. ಹಿತ್ತಾಳೆ ಚೊಂಬಿಗೆ ಹಿಡಿಯುತ್ತಲ್ಲ, ಅಂಥದ್ದೇ. ಬೆವರಿನಲ್ಲಿರುವ ಉಪ್ಪು ಮಾಡುವ ಕೆಲಸ ಇದು. ಎಷ್ಟೋ ಸಲ ಬಡ್ ಕೆಟ್ಟಿರುವುದೇ ಇಲ್ಲ, ಚಾರ್ಜ್ ಆಗುತ್ತಿರುವುದಿಲ್ಲ ಅಷ್ಟೆ. ಹತ್ತಿಕಡ್ಡಿಗೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಮುಟ್ಟಿಸಿ ಎರಡೂ ಕಡೆ ಮೆಲ್ಲಗೆ ಉಜ್ಜಿ, ಒಣಗಿದ ಮೇಲೆ ಕೇಸ್‌ನಲ್ಲಿಡಿ. ಜೀವ ಬಂದರೂ ಬರಬಹುದು.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಜಿಮ್ ಮುಗಿದ ಕೂಡಲೇ ಬೆವರು ಮೆತ್ತಿದ ಬಡ್ಸನ್ನು ಹಾಗೇ ಕೇಸ್‌ಗೆ ಹಾಕಿ ಟಪ್ ಅಂತ ಮುಚ್ಚುತ್ತೇವೆ. ಒದ್ದೆ ಬಟ್ಟೆ ಮಡಚಿ ಬೀರುವಿನಲ್ಲಿಟ್ಟ ಹಾಗೆ. ಕೇಸ್ ಒಳಗೆ ಗಾಳಿಯಾಡುವುದಿಲ್ಲ, ಪಿನ್‌ನಲ್ಲಿ ಕರೆಂಟ್ ಬೇರೆ ಹರಿಯುತ್ತಿರುತ್ತದೆ, ಕಿಲುಬಿಗೆ ಇನ್ನೇನು ಬೇಕು? ಬಾಕ್ಸ್ ಮೇಲೆ ಬರೆದಿರುವ ವಾಟರ್ ರೆಸಿಸ್ಟೆಂಟ್ ಅನ್ನುವ ಮಾತು ಸಾಮಾನ್ಯವಾಗಿ ಬಡ್ಸ್‌ಗೆ ಮಾತ್ರ, ಕೇಸ್‌ಗಲ್ಲ. ಒಣ ಬಟ್ಟೆಯಲ್ಲಿ ಒರೆಸಿ, ಹತ್ತು ನಿಮಿಷ ಹೊರಗಿಟ್ಟು, ಆಮೇಲೆ ಕೇಸ್‌ಗೆ ಹಾಕಿ.

ಈಗ ಐಪಿ ನಂಬರ್. ಇದರಲ್ಲಿ ಮೊದಲ ಅಂಕಿ ದೂಳಿಗೆ, ಎರಡನೆಯದು ನೀರಿಗೆ. ಎಕ್ಸ್ ಇದ್ದರೆ ದೂಳಿನ ರೇಟಿಂಗ್ ಕೊಟ್ಟಿಲ್ಲ ಎಂದರ್ಥ. ಐಪಿಎಕ್ಸ್4 ಎಂದರೆ ಯಾವ ಕಡೆಯಿಂದ ನೀರು ಎರಚಿದರೂ ತಡೆಯುತ್ತದೆ. ಐಪಿಎಕ್ಸ್5 ಎಂದರೆ ಸಣ್ಣ ಪೈಪಿನಿಂದ ಬಿಟ್ಟ ನೀರಿಗೂ ಜಗ್ಗುವುದಿಲ್ಲ. ಐಪಿಎಕ್ಸ್7 ಅಂದರೆ ಒಂದು ಮೀಟರ್ ಆಳದಲ್ಲಿ 30 ನಿಮಿಷ ಮುಳುಗಿಸಿ ನೋಡಿದ್ದಾರೆ. ಜಿಮ್‌ಗೆ 4 ಸಾಕು. ನಿಮ್ಮ ಹಾಗೆ ಬೆವರು ಸುರಿಯುವವರಿಗೆ 5 ಇದ್ದರೆ ಒಳ್ಳೆಯದು. ಆದರೆ ಈ ಪರೀಕ್ಷೆಯೆಲ್ಲ ಬರೀ ನೀರಿನಲ್ಲಿ, ಅದೂ ಹೊಸ ಪೀಸ್ ಮೇಲೆ. ಉಪ್ಪು ಬೆವರಿಗೆ ಯಾರೂ ನಂಬರ್ ಕೊಟ್ಟಿಲ್ಲ. ವಾರಂಟಿ ಕಾರ್ಡಿನ ಸಣ್ಣ ಅಕ್ಷರವನ್ನೂ ಓದಿ. ಮೇಲೆ ಐಪಿಎಕ್ಸ್5 ಅಂತ ದೊಡ್ಡದಾಗಿ ಬರೆದು, ಒಳಗೆ ನೀರಿನಿಂದ ಹಾಳಾದರೆ ವಾರಂಟಿ ಇಲ್ಲ ಎನ್ನುವವರಿದ್ದಾರೆ. ನನಗೂ ಒಮ್ಮೆ ಸರ್ವೀಸ್ ಸೆಂಟರ್‌ನಲ್ಲಿ ಹೀಗೇ ಹೇಳಿ ವಾಪಸ್ ಕಳಿಸಿದ್ದರು.

ಯಾವುದು ತಗೊಳ್ಳಬೇಕು ಅಂತ ಕೇಳಿದ್ದೀರಿ. ಈ ಬಜೆಟ್‌ನಲ್ಲಿ ನನ್ನ ಓಟು ನೆಕ್‌ಬ್ಯಾಂಡ್‌ಗೆ, ಅಂದರೆ ಕೊರಳಿಗೆ ಹಾಕಿಕೊಳ್ಳುವ ಪಟ್ಟಿಗೆ ಎರಡೂ ಇಯರ್‌ಫೋನ್ ಜೋಡಿಸಿರುವಂಥದ್ದಕ್ಕೆ. ಹಳೇ ಫ್ಯಾಷನ್ ಅಂತ ಮುಖ ಸಿಂಡರಿಸಬೇಡಿ. ಕಿವಿಯಿಂದ ಜಾರಿದರೂ ಕೊರಳಲ್ಲೇ ಇರುತ್ತದೆ, ಟ್ರೆಡ್‌ಮಿಲ್ ಪಾಲಾಗುವುದಿಲ್ಲ. ಚಾರ್ಜಿಂಗ್ ಪಿನ್ ತಾಪತ್ರಯವೇ ಇಲ್ಲ, ಟೈಪ್ ಸಿ ಕೇಬಲ್ ಚುಚ್ಚಿದರೆ ಆಯಿತು. ಬ್ಯಾಟರಿ ದೊಡ್ಡದಿರುವುದರಿಂದ ದಿನಕ್ಕೊಂದು ಗಂಟೆಯಂತೆ ಎರಡು ವಾರ ಚಾರ್ಜರ್ ನೆನಪೇ ಆಗುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಒತ್ತುವ ಬಟನ್ ಇರುತ್ತದೆ. ಅಗ್ಗದ ಬಡ್ಸ್‌ನ ಟಚ್‌ಗೆ ಬೆರಳು ಯಾವುದು, ಬೆವರು ಯಾವುದು ಗೊತ್ತಾಗುವುದಿಲ್ಲ. ಟವೆಲ್‌ನಲ್ಲಿ ಮುಖ ಒರೆಸಿದರೆ ಹಾಡು ನಿಲ್ಲುತ್ತದೆ, ಇಲ್ಲವೇ ಬಾಸ್‌ಗೆ ಕಾಲ್ ಹೋಗುತ್ತದೆ!

ಅದರ ಕಷ್ಟವನ್ನೂ ಹೇಳಿಬಿಡುತ್ತೇನೆ. ಬೆಂಚ್ ಪ್ರೆಸ್‌ಗೆ ಅಂಗಾತ ಮಲಗಿದರೆ ಬ್ಯಾಂಡ್ ಕತ್ತಿನ ಹಿಂದೆ ಸಿಕ್ಕಿಕೊಂಡು ಒತ್ತುತ್ತದೆ. ಸ್ಕಿಪ್ಪಿಂಗ್ ಮಾಡುವಾಗ ಎದೆಗೆ ಬಡಿಯುತ್ತದೆ. ಟೀ ಶರ್ಟ್ ಒಳಗೆ ತೂರಿಸಿಕೊಂಡರೆ ಬಡಿತ ಕಡಿಮೆ, ಬೆಂಚ್ ಕಥೆಗೆ ಮಾತ್ರ ಪರಿಹಾರವಿಲ್ಲ. ನೀವು ಹೆಚ್ಚಾಗಿ ಮಲಗಿ ಮಾಡುವ ವ್ಯಾಯಾಮದವರಾದರೆ ಕಿವಿಯ ಮೇಲೆ ಕೊಕ್ಕೆ ಹಾಕಿಕೊಳ್ಳುವ ಬಡ್ಸ್ ನೋಡಿ. ನೆಕ್‌ಬ್ಯಾಂಡ್‌ಗೆ ಒಂದು ಉದಾಹರಣೆ ಹೇಳುವುದಾದರೆ, ಒನ್‌ಪ್ಲಸ್ ಬುಲೆಟ್ಸ್ ವೈರ್‌ಲೆಸ್ ಜಡ್2 ನೆಕ್‌ಬ್ಯಾಂಡ್ 2022ರಲ್ಲಿ 1,999 ರೂಪಾಯಿಗೆ ಬಂತು, ಐಪಿ55 ರೇಟಿಂಗ್ ಇದೆ. ಈ ಮಟ್ಟವನ್ನು ಅಳತೆಗೋಲು ಮಾಡಿಕೊಂಡು ಬೋಟ್, ರಿಯಲ್‌ಮಿ, ನಾಯ್ಸ್ ಮಾಡೆಲ್‌ಗಳನ್ನು ಹೋಲಿಸಿ ನೋಡಿ.

ಬೀಳುವುದಕ್ಕೆ ಕಾರಣ ಎಷ್ಟೋ ಸಲ ಇಯರ್‌ಫೋನ್ ಅಲ್ಲ, ತುದಿಯ ರಬ್ಬರ್. ಬಾಕ್ಸ್‌ನಲ್ಲಿ ಮೂರು ಸೈಜ್ ಕೊಟ್ಟಿರುತ್ತಾರೆ, ಹೆಚ್ಚಿನವರು ಕವರ್ ಕೂಡ ಬಿಚ್ಚುವುದಿಲ್ಲ. ಎರಡು ಕಿವಿಯ ಅಳತೆ ಒಂದೇ ಇರಬೇಕೆಂದೇನಿಲ್ಲ, ನನಗೆ ಬಲಕ್ಕೆ ಮೀಡಿಯಂ, ಎಡಕ್ಕೆ ಲಾರ್ಜ್. ಹಾಕಿಕೊಂಡು ಬಾಯಿ ಮುಚ್ಚಿ 'ಮ್‌ಮ್‌' ಅನ್ನಿ. ನಿಮ್ಮ ದನಿ ತಲೆಯೊಳಗೇ ಗುಂಯ್‌ಗುಟ್ಟಿದರೆ ಸರಿಯಾಗಿ ಕೂತಿದೆ. ಆಮೇಲೆ ಚಕ್ಕುಲಿ ತಿನ್ನುವವರ ಹಾಗೆ ದವಡೆ ಆಡಿಸಿ, ಹತ್ತು ಸಲ ಜಿಗಿಯಿರಿ. ಸಡಿಲವಾದರೆ ಸೈಜ್ ಬದಲಿಸಿ. ಇದು ಸರಿಯಾದರೆ ಅರ್ಧಕ್ಕರ್ಧ ಬೇಸ್, ಅಂದರೆ ಡ್ರಮ್‌ನಂಥ ದಪ್ಪ ಸದ್ದು, ತಾನಾಗೇ ಬರುತ್ತದೆ. ಜಿಮ್ ಸ್ಪೀಕರ್ ಜೊತೆ ಜಿದ್ದಿಗೆ ಬಿದ್ದು ವಾಲ್ಯೂಮ್ ಏರಿಸುವುದೂ ತಪ್ಪುತ್ತದೆ. ಇದು ಸಣ್ಣ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90ಕ್ಕೆ ಏರಿಸಿದರೆ ವಾರಕ್ಕೆ ನಾಲ್ಕೇ ಗಂಟೆ.

ಉಳಿದದ್ದು ಬೇಗ ಹೇಳುತ್ತೇನೆ. ಇಎನ್‌ಸಿ ಇರುವುದು ನೀವು ಮಾತಾಡುವಾಗ ಆ ಕಡೆಯವರಿಗೆ ಗದ್ದಲ ಕೇಳದಿರಲಿ ಅಂತ. ನಿಮ್ಮ ಕಿವಿಗೆ ಬರುವ ಸದ್ದು ಕಡಿಮೆ ಮಾಡುವುದು ಎಎನ್‌ಸಿ. ಅಂಗಡಿಯವರೇ ಎರಡನ್ನೂ ಕಲಸಿ ಹೇಳುತ್ತಾರೆ. ಡ್ರೈವರ್ ಅಂದರೆ ಒಳಗಿನ ಪುಟ್ಟ ಸ್ಪೀಕರ್. 13 ಎಂಎಂ ಡ್ರೈವರ್ 10 ಎಂಎಂಗಿಂತ ಚೆನ್ನಾಗಿ ಹಾಡುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಆಟದ ದೃಶ್ಯಕ್ಕೂ ಸದ್ದಿಗೂ ಅಂತರ ಬಾರದಂತೆ ಮಾಡುವ ಗೇಮಿಂಗ್ ಮೋಡ್ ಜಿಮ್‌ನಲ್ಲಿ ಯಾಕೆ? ಬಡ್ಸ್ ಬಾಕ್ಸ್ ಮೇಲಿನ 40 ಗಂಟೆ, 50 ಗಂಟೆಯಲ್ಲಿ ಕೇಸ್‌ನ ಚಾರ್ಜೂ ಸೇರಿರುತ್ತದೆ.

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲೋ ನ್ಯಾಷನಲ್ ಮಾರ್ಕೆಟ್‌ನಲ್ಲೋ ಕೊಳ್ಳುವುದಾದರೆ ಬಾಕ್ಸ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ನೋಡಿ. ಅದರ ಜೊತೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ವೈರ್‌ಲೆಸ್ ಇಯರ್‌ಫೋನ್‌ಗೆ ಅದು ಕಡ್ಡಾಯ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಯಾವ ಕಂಪನಿಯದು ಅಂತ ಅಲ್ಲೇ ತೋರಿಸುತ್ತದೆ. ಬಾಕ್ಸ್ ಮೇಲೆ ಒಂದು ಹೆಸರು, ಆ್ಯಪ್‌ನಲ್ಲಿ ಸಂಬಂಧವೇ ಇಲ್ಲದ ಇನ್ನೊಂದು ವಸ್ತು ಬಂದರೆ ಕೈಮುಗಿದು ಹೊರಡಿ.

ಪ್ರಶ್ನೆ: ಬೆಳಗಿನ ಜಾವ ರಸ್ತೆಯಲ್ಲಿ ಓಡುತ್ತೇನೆ. ಕಿವಿ ಮುಚ್ಚದ ಬೋನ್ ಕಂಡಕ್ಷನ್ ಇಯರ್‌ಫೋನ್ 1,200 ರೂಪಾಯಿಗೆ ಆನ್‌ಲೈನ್‌ನಲ್ಲಿದೆ. ತಗೊಳ್ಳಬಹುದಾ?
- ಓದುಗರು, ಮಂಗಳೂರು

ಉತ್ತರ: ಕಿವಿ ಮುಚ್ಚದಂಥದ್ದು ಬೇಕು ಅನ್ನುವುದು ಸರಿಯಾದ ಯೋಚನೆ. ಆದರೆ ಆ ಬೆಲೆಗೆ ಬರುವುದರಲ್ಲಿ ಎಷ್ಟೋ ಹೆಸರಿಗೆ ಮಾತ್ರ ಬೋನ್ ಕಂಡಕ್ಷನ್. ಒಳಗಿರುವುದು ಕಿವಿ ಮುಂದೆ ಹಾಡುವ ಪುಟ್ಟ ಸ್ಪೀಕರ್. ಪತ್ತೆ ಮಾಡುವುದು ಸುಲಭ. ಹಾಡು ಹಾಕಿ ಎರಡೂ ಕಿವಿಯನ್ನು ಬೆರಳಿನಿಂದ ಮುಚ್ಚಿ. ಅಸಲಿಯಾದರೆ ಹಾಡು ಇನ್ನೂ ಗಟ್ಟಿಯಾಗಿ ಕೇಳುತ್ತದೆ, ಯಾಕೆಂದರೆ ಸದ್ದು ಬರುವುದು ಕೆನ್ನೆಯ ಮೂಳೆಯಿಂದ. ನಕಲಿಯಾದರೆ ಕುಗ್ಗಿಹೋಗುತ್ತದೆ.

ನಕಲಿ ಅಂತ ಗೊತ್ತಾದರೂ ನಿಮ್ಮ ಕೆಲಸಕ್ಕೆ ಅದೇ ಆಗಬಹುದು. ಕಿವಿ ತೆರೆದಿರುತ್ತದಲ್ಲ, ಅಷ್ಟೇ ತಾನೆ ಬೇಕಿರುವುದು? ಇಲ್ಲದಿದ್ದರೆ ದುಡ್ಡು ಉಳಿಸಿ. ಈಗಿರುವ ಬಡ್ಸ್‌ನಲ್ಲೇ ಒಂದನ್ನು ಮಾತ್ರ ಹಾಕಿಕೊಳ್ಳಿ, ರಸ್ತೆಯ ಕಡೆಯ ಕಿವಿ ಖಾಲಿ ಇರಲಿ. ಮೊಬೈಲನ್ನು ಬಡ್ ಇರುವ ಕಡೆಯ ಜೇಬಿನಲ್ಲೇ ಇಡಿ. ಬ್ಲೂಟೂತ್ ಸಿಗ್ನಲ್ಲನ್ನು ನಮ್ಮ ಮೈಯೊಳಗಿನ ನೀರೇ ತಡೆಯುತ್ತದೆ, ಇನ್ನೊಂದು ಕಡೆ ಇಟ್ಟರೆ ಹಾಡು ತುಂಡು ತುಂಡಾಗುತ್ತದೆ. ಬೀದಿನಾಯಿಗಳು ಜಾಸ್ತಿ ಇರುವ ತಿರುವಿನಲ್ಲಿ ಮಾತ್ರ ಆ ಒಂದನ್ನೂ ತೆಗೆದು ಕೈಯಲ್ಲಿ ಹಿಡಿದುಕೊಳ್ಳಿ.