ಓಪನ್‌ಸಿವಿ ಇಮ್‌ಶೋ ವಿಂಡೋದಲ್ಲಿ ಬಟನ್, ಸ್ಲೈಡರ್, ಕನ್ನಡ ಬರಹ ಹಾಕುವುದು ಹೇಗೆ?

ಓಪನ್‌ಸಿವಿ ಅನ್ನುವ ಚಿತ್ರ ಲೈಬ್ರರಿಯ ಇಮ್‌ಶೋದಿಂದ ಫೋಟೋ ತೋರಿಸುವ ವಿಂಡೋ, ಎರಡು ಬಟನ್, ಒಂದು ಸ್ಲೈಡರ್, ಮೂಲೆಯಲ್ಲಿ ಕನ್ನಡದಲ್ಲಿ ‘ಸರಿ’ ಅಥವಾ ‘ದೋಷ’, ಬಟನ್ ಒತ್ತಿದ ಕೂಡಲೇ ಫೋಟೋ ಸೇವ್, ಇಷ್ಟೂ ಬೇಕು ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆ ಓದುತ್ತಿದ್ದರೆ ಆರು ವರ್ಷದ ಹಿಂದಿನ ನನ್ನನ್ನೇ ನೋಡಿದ ಹಾಗಾಯಿತು. ಬಟನ್ ವಿಚಾರ ಆಮೇಲೆ. ಮೊದಲು ಆ ‘ಸೇವ್’ ಬಗ್ಗೆ ಹೇಳಿಬಿಡುತ್ತೇನೆ.

ನನ್ನ ಮುಂದೆ ಇದ್ದದ್ದು ಲೋಹದ ಬಿಲ್ಲೆಗಳ ಫೋಟೋಗಳು, ಸುಮಾರು ಎರಡು ಸಾವಿರ. ಒಂದೊಂದನ್ನೂ ನೋಡಿ ಗೀರು ಇದೆಯೋ ಇಲ್ಲವೋ ಅಂತ ಗುರುತು ಮಾಡಬೇಕು. ಆಮೇಲೆ ಅವನ್ನೇ ಇಟ್ಟುಕೊಂಡು, ಗೀರನ್ನು ತಾನೇ ಗುರುತಿಸುವ ಹಾಗೆ ಒಂದು ಮಾಡೆಲ್‌ಗೆ ಕಲಿಸಬೇಕು. ಪೈಥಾನ್‌ನಲ್ಲಿ ಅರ್ಧ ದಿನದಲ್ಲಿ ಒಂದು ಟೂಲ್ ಬರೆದೆ. ಫೋಟೋದ ಮೇಲೆ ಓಪನ್‌ಸಿವಿಯ ಬರಹ ಹಾಕುವ ಫಂಕ್ಷನ್ ಪುಟ್‌ಟೆಕ್ಸ್ಟ್‌ನಿಂದ ಗೀರಿಲ್ಲದ್ದಕ್ಕೆ ಹಸಿರು ಬರಹ, ಗೀರಿದ್ದರೆ ಕೆಂಪು ಬರಹ. ನೋಡೋಕೆ ಬಹಳ ಚೆನ್ನಾಗಿತ್ತು.

ಬರಹ ಹಾಕುವುದಕ್ಕೆ ಬೇರೆ ಪ್ರತಿ ಬೇಕು ಅನ್ನುವಷ್ಟು ಬುದ್ಧಿ ನನಗಿತ್ತು. ಅದಕ್ಕೇ ‘ಶೋ = ಇಮೇಜ್’ ಅಂತ ಒಂದು ಸಾಲು ಬರೆದೆ. ಪ್ರತಿ ತಯಾರಾಯಿತು ಅಂದುಕೊಂಡೆ. ಆಗಿರಲಿಲ್ಲ. ಪೈಥಾನ್‌ನಲ್ಲಿ ಆ ಸಾಲು ಏನನ್ನೂ ನಕಲು ಮಾಡುವುದಿಲ್ಲ, ಇರುವುದಕ್ಕೇ ಇನ್ನೊಂದು ಹೆಸರು ಕೊಡುತ್ತದೆ. ಮನೆಯಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು ಹೆಸರು, ಮಗು ಮಾತ್ರ ಒಂದೇ. ನಾನು ‘ಶೋ’ ಮೇಲೆ ಬರೆದದ್ದೆಲ್ಲ ‘ಇಮೇಜ್’ ಮೇಲೂ ಬಿತ್ತು. ಅದೂ ಸ್ಟಿಕರ್ ಅಂಟಿಸಿದ ಹಾಗಲ್ಲ, ಕಿತ್ತು ತೆಗೆಯೋಕೆ. ಪುಟ್‌ಟೆಕ್ಸ್ಟ್ ಆ ಜಾಗದ ಪಿಕ್ಸೆಲ್‌ಗಳ ಬೆಲೆಯನ್ನೇ ಬದಲಾಯಿಸುತ್ತದೆ. ಹಳೆಯ ಬೆಲೆ ಎಲ್ಲೂ ಉಳಿಯುವುದಿಲ್ಲ. ಒಂದು ತುಂಡು ಕತ್ತರಿಸಿಕೊಂಡು, ಅಂದರೆ ಮೊದಲ ನೂರು ಸಾಲು ಮಾತ್ರ ತೆಗೆದುಕೊಂಡು, ಅದರ ಮೇಲೆ ಬರೆದರೂ ಇದೇ ಕತೆ. ಪೈಥಾನ್‌ನಲ್ಲಿ ಓಪನ್‌ಸಿವಿ ಚಿತ್ರಗಳನ್ನು ಇಡುವುದು ನಂಪೈ ಲೈಬ್ರರಿಯಲ್ಲಿ, ಅದರಲ್ಲಿ ಆ ತುಂಡೂ ಮೂಲದ್ದೇ ಭಾಗ. ‘ಇಮೇಜ್’ ಮುಂದೆ ಚುಕ್ಕಿ ಇಟ್ಟು ‘ಕಾಪಿ’ ಅಂತ ಕರೆದರೆ ಮಾತ್ರ ನಿಜವಾದ ನಕಲು. ಒಂದೇ ಒಂದು ಪದ!

ಸೂಚನೆ ಸಿಕ್ಕಿರಲಿಲ್ಲ ಅಂತ ಹೇಳೋ ಹಾಗೂ ಇಲ್ಲ. ಸ್ಲೈಡರ್‌ನ ಅಂಕಿಯನ್ನೂ ಫೋಟೋ ಮೇಲೇ ಬರೆಯುತ್ತಿದ್ದೆ, ಎಳೆದಾಗ 127ರ ಮೇಲೆ 128, ಅದರ ಮೇಲೆ 129 ಬಿದ್ದು ಅಂಕಿ ಗೀಚಿಗೀಚಿ ಇಟ್ಟ ಹಾಗೆ ಕಾಣುತ್ತಿತ್ತು. ಹಳೆಯ ಅಂಕಿ ಯಾಕೆ ಹೋಗುತ್ತಿಲ್ಲ ಅಂತ ಒಂದು ನಿಮಿಷ ಯೋಚಿಸಿದ್ದರೆ ಸಾಕಿತ್ತು. ನಾನು ಮಾಡಿದ್ದೇನು ಗೊತ್ತಾ? ಬರಹದ ಕೆಳಗೆ ಕಪ್ಪು ಬಣ್ಣ ತುಂಬಿದ ಒಂದು ಆಯತ ಎಳೆದೆ. ಅಂಕಿ ಸ್ವಚ್ಛವಾಗಿ ಕಂಡಿತು. ಸಮಸ್ಯೆ ಮುಗಿಯಿತು ಅಂತ ಮುಂದೆ ಹೋದೆ. ಪ್ರತಿ ಫೋಟೋದ ಮೇಲಿನ ನಲವತ್ತು ಪಿಕ್ಸೆಲ್ ಪಟ್ಟಿಯೂ ಅಲ್ಲಿಗೆ ಹೋಯಿತು. ಚಿತ್ರವನ್ನು ಫೈಲಿಗೆ ಉಳಿಸುವ ಇಮ್‌ರೈಟ್ ಬೇರೆ ಅದೇ ಫೈಲ್ ಹೆಸರಿಗೆ ಬರೆಯುತ್ತಿತ್ತು.

ಕಲಿಸಿದ ಮಾಡೆಲ್ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಒಂದೂ ತಪ್ಪು ಮಾಡಲಿಲ್ಲ. ಖುಷಿಯೋ ಖುಷಿ. ಆಮೇಲೆ ಕ್ಯಾಮೆರಾದಿಂದ ಆಗಷ್ಟೇ ತೆಗೆದ ಫೋಟೋ ಕೊಟ್ಟರೆ, ಕಣ್ಣಿಗೆ ರಾಚುವಂಥ ಗೀರಿದ್ದರೂ ‘ಸರಿ’ ಅನ್ನುತ್ತಿತ್ತು. ಒಂದು ವಾರ ಬೆಳಕು ನೋಡಿದೆ, ಲೆನ್ಸ್ ಒರೆಸಿದೆ, ಮಾಡೆಲ್ ಬದಲಿಸಿದೆ. ಕೊನೆಗೆ ಪಕ್ಕದಲ್ಲಿ ಕೂರುವ ಗೆಳೆಯ ಹಳೆಯ ಫೋಟೋ ಒಂದನ್ನು ತೆರೆದು ನೋಡಿ, “ಪ್ರಶ್ನೆಪತ್ರಿಕೆ ಮೇಲೇ ಉತ್ತರ ಬರೆದು ಕೊಟ್ಟಿದ್ದೀಯಲ್ಲೋ” ಅಂದ. ಮಾಡೆಲ್ ಗೀರು ನೋಡಿಯೇ ಇರಲಿಲ್ಲ. ಮೂಲೆಯಲ್ಲಿ ಕೆಂಪು ಇದ್ದರೆ ದೋಷ, ಇಲ್ಲದಿದ್ದರೆ ಸರಿ, ಅಷ್ಟೇ ಕಲಿತಿತ್ತು. ಮೂಲ ಫೋಟೋಗಳನ್ನು ಕ್ಯಾಮೆರಾದ ಕಾರ್ಡ್‌ನಿಂದ ಅಳಿಸಿ ಆಗಲೇ ತಿಂಗಳಾಗಿತ್ತು. ಮೇಲಿನ ಪಟ್ಟಿ ಕತ್ತರಿಸಿ ಕೆಲವನ್ನು ಉಳಿಸಿಕೊಂಡೆ. ಬಿಲ್ಲೆಯ ಅಂಚೇ ಆ ಪಟ್ಟಿಯಡಿ ಸೇರಿದ್ದವನ್ನು ಬಿಸಾಡಿದೆ.

ಹಾಗಾಗಿ ಒತ್ತಿದ ಕೂಡಲೇ ಫೋಟೋ ಸೇವ್ ಆಗಬೇಕು ಅನ್ನುವ ನಿಮ್ಮ ಯೋಚನೆಯನ್ನೇ ಬಿಡಿ. ಫೋಟೋ ಡಿಸ್ಕ್‌ನಲ್ಲಿ ಆಗಲೇ ಇದೆ ಅಲ್ವಾ? ಫೈಲಿನ ಹೆಸರು, ನಿಮ್ಮ ತೀರ್ಮಾನ, ಇವೆರಡನ್ನು ಒಂದು ಸಿಎಸ್‌ವಿ ಫೈಲಿಗೆ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಟ್ಟಿ) ಸೇರಿಸುತ್ತಾ ಹೋಗಿ. ಗುರುತು ಹಾಕುವ ಟೂಲ್‌ನಲ್ಲಿ ಇಮ್‌ರೈಟ್ ಅನ್ನುವ ಪದವೇ ಇರಬಾರದು. ಪರದೆಗೆ ಬೇಕಾದ್ದನ್ನು ಪ್ರತಿ ಸಲ ಮೂಲದಿಂದ ಹೊಸದಾಗಿ ನಕಲು ಮಾಡಿ, ಬರಹ ಹಾಕಿ, ತೋರಿಸಿ, ಮರೆತುಬಿಡಿ. ಫೈಲಿನ ಹೆಸರಷ್ಟೇ ಕಾಣಬೇಕಿದ್ದರೆ ವಿಂಡೋದ ತಲೆಬರಹ ಬದಲಿಸುವ ಸೆಟ್‌ವಿಂಡೋಟೈಟಲ್ ಸಾಕು, ಪಿಕ್ಸೆಲ್ ಮುಟ್ಟುವ ಪ್ರಶ್ನೆಯೇ ಇಲ್ಲ.

ಇನ್ನು ಬಟನ್. ಬೇಡ ಅನ್ನುವುದೇ ನನ್ನ ಉತ್ತರ. ಓಪನ್‌ಸಿವಿಯಲ್ಲಿ ಕ್ರಿಯೇಟ್‌ಬಟನ್ ಇದೆ, ಆದರೆ ಅದು ಕ್ಯೂಟಿ ಅನ್ನುವ, ವಿಂಡೋ-ಬಟನ್ ಕಟ್ಟುವ ಲೈಬ್ರರಿ ಸೇರಿಸಿ ಕಟ್ಟಿದ ಓಪನ್‌ಸಿವಿಯಲ್ಲಿ ಮಾತ್ರ ನಡೆಯುತ್ತದೆ. ನನ್ನ ಲಿನಕ್ಸ್‌ನಲ್ಲಿ ಓಡಿತು, ಗೆಳೆಯನ ವಿಂಡೋಸ್‌ನಲ್ಲಿ ಎರರ್ ಬಂತು. ಓಡಿದಾಗಲೂ ಬಟನ್ ಫೋಟೋದ ಮೇಲೆ ಕೂರುವುದಿಲ್ಲ, ಬೇರೆಯೇ ಒಂದು ಕಂಟ್ರೋಲ್ ಪ್ಯಾನೆಲ್‌ನಲ್ಲಿ ಇರುತ್ತದೆ. ಆಯತ ಎಳೆದು, ಮೌಸ್ ಕಾಲ್‌ಬ್ಯಾಕ್‌ನಲ್ಲಿ (ಕ್ಲಿಕ್ ಆದಾಗ ಓಡುವ ಫಂಕ್ಷನ್) ಕ್ಲಿಕ್ ಎಲ್ಲಿ ಬಿತ್ತು ಅಂತ ನೋಡಿ ನಕಲಿ ಬಟನ್ ಮಾಡುವುದನ್ನೂ ಮಾಡಿದ್ದೇನೆ. ಎರಡು ದಿನ ಸುಮ್ನೆ ಹೋಯಿತು. ವೇಟ್‌ಕೀ ಅನ್ನುವ ಫಂಕ್ಷನ್, ಒತ್ತಿದ ಅಕ್ಷರವನ್ನು ಹೇಗೂ ವಾಪಸ್ ಕೊಡುತ್ತದೆ. ಒಂದು ಕೀ ಸರಿಗೆ, ಒಂದು ದೋಷಕ್ಕೆ, ಒಂದು ಹಿಂದಿನ ಫೋಟೋಗೆ. ಎರಡು ಸಾವಿರ ಫೋಟೋ ನೋಡುವವರಿಗೆ ಮೌಸ್‌ಗಿಂತ ಕೀಲಿಮಣೆಯೇ ವಾಸಿ. ನಾಲ್ಕೈದು ಬಟನ್ ಬೇಕೇ ಬೇಕು ಅಂದರೆ ಕ್ಯೂಟಿಯ ಪೈಥಾನ್ ರೂಪವಾದ ಪೈಕ್ಯೂಟಿಗೆ ಹೋಗಿ, ಇಮ್‌ಶೋವನ್ನು ಎಳೆದಾಡಬೇಡಿ. ಅದು ಫೋಟೋ ಇಣುಕಿ ನೋಡೋಕೆ ಇರುವ ಕಿಂಡಿ.

ಸ್ಲೈಡರ್ ಪರವಾಗಿಲ್ಲ. ಅದನ್ನು ಮಾಡುವ ಕ್ರಿಯೇಟ್‌ಟ್ರ್ಯಾಕ್‌ಬಾರ್‌ಗೆ ಪೂರ್ಣಾಂಕ ಮಾತ್ರ ಗೊತ್ತು. 0.1ರಿಂದ 3.0 ಬೇಕಿದ್ದರೆ 1ರಿಂದ 30 ಇಟ್ಟು 10ರಿಂದ ಭಾಗಿಸಿ. ಶುರು 0 ಆಗಿರುತ್ತದೆ, ಸೆಟ್‌ಟ್ರ್ಯಾಕ್‌ಬಾರ್‌ಮಿನ್‌ನಿಂದ 1 ಮಾಡಿಕೊಳ್ಳಿ. ಎಳೆದರೂ ಅಲ್ಲಾಡುತ್ತಿಲ್ಲ ಅಂತ ಬರೆದಿದ್ದೀರಿ. ಲೂಪ್ ಒಳಗೆ ವೇಟ್‌ಕೀ ಇಲ್ಲ ಅಂತ ಕಾಣುತ್ತದೆ. ಅದು ಬರೀ ಕೀ ಕಾಯುವ ಫಂಕ್ಷನ್ ಅಲ್ಲ, ವಿಂಡೋದ ಕೆಲಸಗಳೆಲ್ಲ ನಡೆಯುವುದು ಅದರೊಳಗೇ.

ಕನ್ನಡ ಹಾಕಿದರೆ ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತಿರುವುದು ನಿಮ್ಮ ತಪ್ಪಲ್ಲ. ಓಪನ್‌ಸಿವಿ 4ರ ಪುಟ್‌ಟೆಕ್ಸ್ಟ್ ಬಳಸುವುದು ಹರ್ಶೀ ಫಾಂಟ್‌ಗಳನ್ನು. 1967ರ ಸುಮಾರಿಗೆ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಗೆರೆಗಳಿಂದಲೇ ಕಟ್ಟಿದ ಅಕ್ಷರಗಳು ಅವು, ಕನ್ನಡ ಅದರಲ್ಲಿಲ್ಲ. ಪೈಥಾನ್‌ನ ಇನ್ನೊಂದು ಚಿತ್ರ ಲೈಬ್ರರಿ ಪಿಲ್ಲೋದಿಂದ ಕನ್ನಡ ಫಾಂಟ್ ತೆರೆದು ಬರೆಯಬಹುದು. ಆದರೆ ಅದರ ಜೊತೆ, ಅಕ್ಷರಗಳನ್ನು ಸರಿಯಾಗಿ ಜೋಡಿಸುವ ರಾಕ್ಮ್ ಲೈಬ್ರರಿ ಇದೆಯೇ ಅಂತ ಮೊದಲು ನೋಡಿಕೊಳ್ಳಿ. ಇಲ್ಲದಿದ್ದರೆ ಒತ್ತಕ್ಷರ ಕೂಡುವುದಿಲ್ಲ, ‘ಅಕ್ಕ’ ಹೋಗಿ ‘ಅಕ್‌ಕ’ ಆಗುತ್ತದೆ. ಪಿಲ್ಲೋ ಬಣ್ಣವನ್ನು ಕೆಂಪು-ಹಸಿರು-ನೀಲಿ ಅಂತ ಓದುತ್ತದೆ, ಓಪನ್‌ಸಿವಿ ಅದನ್ನೇ ತಿರುಗಿಸಿ ಓದುತ್ತದೆ. ಪರಿವರ್ತನೆ ಮರೆತರೆ ನಿಮ್ಮ ಕೆಂಪು ‘ದೋಷ’ ನೀಲಿಯಾಗಿ ಬರುತ್ತದೆ, ಗಾಬರಿಯಾಗಬೇಡಿ.

ಆ ಬರಹಕ್ಕೆ ಜಾಗ ಬೇಕಿದ್ದರೆ ಕಾಪಿಮೇಕ್‌ಬಾರ್ಡರ್ ಅಂತ ಒಂದಿದೆ. ಫೋಟೋದ ಮೇಲ್ಗಡೆ ಹೊಸ ಪಟ್ಟಿ ಸೇರಿಸಿ ಬೇರೆಯೇ ಚಿತ್ರ ಕೊಡುತ್ತದೆ, ಮೂಲ ಹಾಗೇ ಇರುತ್ತದೆ. ನನ್ನ ಟೂಲ್‌ನಲ್ಲಿ ಈಗಲೂ ನಲವತ್ತು ಪಿಕ್ಸೆಲ್‌ನ ಕಪ್ಪು ಪಟ್ಟಿಯೇ ಇದೆ. ಫೋಟೋದ ಹೊರಗಿದೆ.