ದೊಡ್ಡಬೆಟ್ಟದ ಕಿತ್ತಳೆ ಹಕ್ಕಿ

ಪ್ರಶ್ನೆ: ಮೇಡಂ, ಏಪ್ರಿಲ್‌ನಲ್ಲಿ ಮಕ್ಕಳ ಜೊತೆ ಊಟಿಗೆ ಹೋಗಿದ್ದೆವು. ದೊಡ್ಡಬೆಟ್ಟದ ರಸ್ತೆ ಪಕ್ಕದ ಪೊದೆಯಲ್ಲಿ ಗುಬ್ಬಿಗಿಂತ ಚಿಕ್ಕ ಹಕ್ಕಿಯೊಂದು ಕೂತಿತ್ತು. ತಲೆ, ರೆಕ್ಕೆ ಕಪ್ಪು, ಮೈಯೆಲ್ಲ ಕಿತ್ತಳೆ. ಫೋಟೋ ತೆಗೆಯುವಷ್ಟರಲ್ಲಿ ಒಳಗೆ ಹೋಯಿತು. ಯಾವ ಹಕ್ಕಿ ಅದು? ಮೊಬೈಲ್‌ನಲ್ಲಿ ಅದರ ಕೂಗು ಹಾಕಿದರೆ ಹೊರಗೆ ಬರುತ್ತದಂತೆ, ನಿಜವೇ?
– ಓದುಗರೊಬ್ಬರು, ಹಾಸನ

ಉತ್ತರ: ನೀವು ನೋಡಿದ್ದು ಕರಿ-ಕಿತ್ತಳೆ ನೊಣಹಿಡುಕ, ಅದರಲ್ಲೂ ಗಂಡು. ಹೆಣ್ಣಿಗೆ ಕಪ್ಪಿನ ಜಾಗದಲ್ಲಿ ಮಾಸಲು ಕಂದು ಇರುತ್ತದೆ. ಇದು ಪಶ್ಚಿಮ ಘಟ್ಟದ ದಕ್ಷಿಣ ಭಾಗದ ಹಕ್ಕಿ, ಬೇರೆ ದೇಶದಲ್ಲಿ ಸಿಗುವುದಿಲ್ಲ. ನೀಲಗಿರಿ, ಪಳನಿ ಬೆಟ್ಟಗಳ ಶೋಲಾ ಕಾಡೇ, ಅಂದರೆ ಎತ್ತರದ ಬೆಟ್ಟಗಳ ಕಣಿವೆಯಲ್ಲಿ ಬೆಳೆಯುವ ದಟ್ಟ ಕುಳ್ಳ ಕಾಡೇ, ಇದರ ಮುಖ್ಯ ಮನೆ. ನಮ್ಮ ಬಿಳಿಗಿರಿರಂಗನ ಬೆಟ್ಟ, ಬ್ರಹ್ಮಗಿರಿಯಲ್ಲೂ ಇದೆ. ಚಳಿಗಾಲಕ್ಕೆ ಹಿಮಾಲಯದಿಂದ ಬಂದು ಹೋಗುವ ಹಕ್ಕಿಗಳ ಹಾಗಲ್ಲ, ವರ್ಷಪೂರ್ತಿ ಇಲ್ಲೇ.

ಹೆಸರಿಗೆ ನೊಣಹಿಡುಕ, ಆದರೆ ಗಾಳಿಯಲ್ಲಿ ಹಾರಿ ಹುಳ ಹಿಡಿಯುವುದು ಕಮ್ಮಿ. ಮಂಡಿಯೆತ್ತರದ ಕಡ್ಡಿ ಮೇಲೆ ಅಲುಗಾಡದೆ ಕೂರುತ್ತದೆ. ಕೆಳಗೆ ತರಗೆಲೆಯಲ್ಲಿ ಏನಾದರೂ ಹರಿದಾಡಿದರೆ ಟಪ್ ಅಂತ ಇಳಿದು ಹಿಡಿದು ಮತ್ತೆ ಮೇಲೆ. ಹಾಗಾಗಿ ದಟ್ಟ ಪೊದೆ, ನೆಲದಲ್ಲಿ ತರಗೆಲೆ, ಎರಡೂ ಇರಬೇಕು.

ನನ್ನ ತಂಗಿ ಮನೆ ಕೋಟಗಿರಿ ಹತ್ತಿರ. ಅವರ ಟೀ ತೋಟದ ಕೊನೆಗೆ ಒಂದು ತುಂಡು ಶೋಲಾ ಉಳಿದಿದೆ. ಕೆಲವು ವರ್ಷಗಳ ಹಿಂದೆ, ಏಪ್ರಿಲ್‌ನ ಒಂದು ಬೆಳಿಗ್ಗೆ ಅಲ್ಲಿ ಸುಮ್ನೆ ಕೂತಿದ್ದೆ. ಎದುರಿನ ಪೊದೆಯಲ್ಲಿ ಸಿಕ್ಕಿಕೊಂಡಿದ್ದ ತರಗೆಲೆ ಮುದ್ದೆಯನ್ನು ನೋಡಿಯೂ ನೋಡದ ಹಾಗೆ ಇದ್ದೆ. ಆಗ ಹೆಣ್ಣು ಹಕ್ಕಿಯೊಂದು ತನ್ನ ಮೈಗಿಂತ ಉದ್ದದ ಒಣಗರಿಕೆ ಎಳೆದುಕೊಂಡು ಬಂತು. ಗರಿಕೆ ಎರಡು ಸಲ ಕಡ್ಡಿಗೆ ತಗುಲಿ ಜಾರಿತು. ಮೂರನೇ ಸಲ ತುದಿಯನ್ನು ಕಚ್ಚಿ ಆ ಮುದ್ದೆಯೊಳಗೆ ತೂರಿಸಿತು. ಅದು ಗೂಡು! ಉಂಡೆಯಾಕಾರ, ಪಕ್ಕದಲ್ಲೊಂದು ಬಾಯಿ, ನೆಲಕ್ಕೆ ಎರಡೇ ಅಡಿ. ಇಂಥ ಗೂಡಿನಲ್ಲಿ ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತವೆ. ಪೊದೆ ಸವರಿ ಚೊಕ್ಕಟ ಮಾಡುವವರ ಕತ್ತಿಗೆ ಮೊದಲು ಸಿಗುವುದು ಇದೇ. ಅವತ್ತಿನಿಂದ ತಂಗಿ ಆ ತುಂಡನ್ನು ಸವರಿಸಿಲ್ಲ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಬರುತ್ತದೆ, ನಿಜ. ಆದರೆ ದಯವಿಟ್ಟು ಹಾಕಬೇಡಿ. ತನ್ನ ಜಾಗಕ್ಕೆ ಬೇರೆ ಗಂಡು ನುಗ್ಗಿದೆ ಅಂತ ಅದು ಓಡಿಸಲು ಬರುತ್ತದೆ, ನಿಮ್ಮನ್ನು ನೋಡೋಕಲ್ಲ. ಮರುವರ್ಷ ಅದೇ ಜಾಗದಲ್ಲಿ ಕ್ಯಾಮೆರಾ ಹಿಡಿದ ಹುಡುಗನೊಬ್ಬ ಅರ್ಧ ಗಂಟೆ ಕೂಗು ಹಾಕಿದ. ಗಂಡು ಹಕ್ಕಿ ಆ ಪೊದೆಯಿಂದ ಈ ಪೊದೆಗೆ ಹಾರುತ್ತಲೇ ಇತ್ತು. ಅಷ್ಟು ಹೊತ್ತೂ ಒಂದು ಹುಳ ಹಿಡಿಯಲಿಲ್ಲ. ನನಗೆ ತಡೆಯಲಾಗದೆ ಹೋಗಿ ನಿಲ್ಲಿಸಿದೆ. ಗೂಡಿನ ಕಾಲದಲ್ಲಿ ಅರ್ಧ ಗಂಟೆ ಅಂದರೆ ಜಾಸ್ತಿ, ಅಲ್ವಾ?

ಮುಂದಿನ ಸಲ ಬೆಳಿಗ್ಗೆ ಬೇಗ ಹೋಗಿ, ಕಾಡಿನ ಅಂಚಿನಲ್ಲೇ ಕೂರಿ. ಮಕ್ಕಳಿಗೆ ಕೆಂಪು, ಹಳದಿ ಸ್ವೆಟರ್ ಬೇಡ. ಜೀರುಂಡೆಯ ಹಾಗೆ ಸಣ್ಣಗೆ, ಕೀಚಲಾಗಿ 'ಚೀ-ರಿರಿರ್' ಅಂತ ಕೇಳಿದರೆ ಮರದ ಮೇಲೆ ಹುಡುಕಬೇಡಿ. ಕೆಳಗೆ, ನಿಮ್ಮ ಮಂಡಿಯೆತ್ತರದಲ್ಲಿ ನೋಡಿ.